ಬಂಗಡೆ ಬಣ್ಣದ ಬಂದೂಕು

ನನ್ನ ಚಿಕ್ಕಿಯ ಹತ್ತಿರ ನೂರಾ ಹನ್ನೆರಡು ಬಂದೂಕುಗಳಿವೆ. ಚೂರಿಗಳು ಬೇರೆ. ನೀವು ಗಾಬರಿಯಾಗಿ ಪೊಲೀಸರಿಗೆ ಫೋನು ಮಾಡುವ ಮೊದಲು ಇನ್ನೊಂದು ಮಾತನ್ನೂ ಹೇಳಿಬಿಡುತ್ತೇನೆ. ಈ ಮಹಾತಾಯಿ ಇವತ್ತಿನವರೆಗೆ ಒಂದೇ ಒಂದು ಗುಂಡು ಹಾರಿಸಿದವಳಲ್ಲ. ದೀಪಾವಳಿಯ ಪಟಾಕಿಗೇ ಕಿವಿ ಮುಚ್ಚಿಕೊಂಡು ಅಡುಗೆಮನೆ ಸೇರುವವಳು! ಊರು ಅಂಕೋಲೆ ಹತ್ತಿರದ ಭಾವಿಕೇರಿ, ಕಸುಬು ಮೀನು ಮಾರುವುದು, ವಯಸ್ಸು ಆಧಾರ್ ಕಾರ್ಡಿನ ಪ್ರಕಾರ ಅರವತ್ತು, ಅವಳ ಪ್ರಕಾರ ಐವತ್ನಾಲ್ಕು. ಬಂದೂಕುಗಳೆಲ್ಲ ಇರುವುದು ಕಂಪ್ಯೂಟರಿನಲ್ಲಿ ಆಡುವ ಒಂದು ಶೂಟಿಂಗ್ ಆಟದೊಳಗೆ. ಈ ಪಾಪಕ್ಕೆ ದಾರಿ ತೋರಿಸಿದವನು ನಾನೇ.

ಶಿರವಾಡದಲ್ಲಿ ನನ್ನದೊಂದು ಝೆರಾಕ್ಸ್ ಅಂಗಡಿಯಿದೆ. ಚಿಕ್ಕಿ ಬೆಳಗಿನ ಮೊದಲ ಬಸ್ಸಿಗೆ ಬೈತಖೋಲಕ್ಕೆ ಬಂದು, ಬಂದರಿನ ಹರಾಜಿನಲ್ಲಿ ಮೀನು ತೆಗೆದುಕೊಂಡು, ಶಿರವಾಡದ ಮನೆಮನೆಗೆ ಹೊತ್ತು ಮಾರಿ, ಹನ್ನೆರಡೂವರೆಗೆ ಖಾಲಿ ಬುಟ್ಟಿಯೊಂದಿಗೆ ನನ್ನ ಅಂಗಡಿಗೆ ಬರುತ್ತಾಳೆ. ಅವಳ ಬಸ್ಸು ಮೂರು ಗಂಟೆಗೆ. ಅಲ್ಲಿಯವರೆಗೆ ಫ್ಯಾನಿನ ಕೆಳಗೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ತೂಕಡಿಸುವುದು ಎಷ್ಟೋ ವರ್ಷಗಳ ಪದ್ಧತಿ. ಆ ಹೊತ್ತಿಗೆ ಗಿರಾಕಿಗಳೂ ಇರುವುದಿಲ್ಲ. ಸಮುದ್ರದ ಕಡೆಯಿಂದ ಉಪ್ಪು ಗಾಳಿ ಬರುತ್ತದೆ, ಇಡೀ ಶಿರವಾಡ ಅರೆಗಣ್ಣು ಮುಚ್ಚಿಕೊಂಡಿರುತ್ತದೆ, ನಾನು ಬಂದೂಕಿನ ಆಟ ಆಡುತ್ತಿರುತ್ತೇನೆ.

ಒಂದು ಮಧ್ಯಾಹ್ನ ಅವಳು ಕಣ್ಣು ಬಿಟ್ಟಾಗ ಪರದೆಯ ಮೇಲೆ ಒಂದು ಬಂದೂಕು ತನ್ನಷ್ಟಕ್ಕೆ ನಿಧಾನವಾಗಿ ತಿರುಗುತ್ತಿತ್ತು. ನೇರಳೆ ಮೈ, ಬಂಗಾರದ ಗೆರೆ. ತಿರುಗಿದ ಹಾಗೆಲ್ಲ ಬೆಳಕು ಅದರ ಮೈಮೇಲೆ ಹರಿದಾಡುತ್ತಿತ್ತು. ಕನಸೇ ಇನ್ನೂ ಮುಗಿದಿಲ್ಲ ಎಂದುಕೊಂಡಳಂತೆ. ಆಮೇಲೆ ಕುರ್ಚಿಯನ್ನು ಎಳೆದುಕೊಂಡು ಹತ್ತಿರ ಬಂದಳು.

ಅದು ಬಂದೂಕಿಗೆ ತೊಡಿಸುವ ಬಣ್ಣದ ಹೊದಿಕೆ, ಸ್ಕಿನ್ ಎನ್ನುತ್ತಾರೆ ಎಂದೆ. ತೊಡಿಸಿದರೆ ಗುಂಡು ದೂರ ಹೋಗುತ್ತದೆಯೋ ಎಂದು ಕೇಳಿದಳು. ಇಲ್ಲ. ಗುರಿ ನೆಟ್ಟಗಾಗುತ್ತದೆಯೋ? ಅದೂ ಇಲ್ಲ. ಮತ್ತೇಕೆ? ಬರೀ ಚಂದಕ್ಕೆ. "ಹಂಗಾರೆ ಸೀರೆ ಅನ್ನು" ಎಂದಳು. ಅಂದಿನಿಂದ ನಮ್ಮ ಅಂಗಡಿಯಲ್ಲಿ ಸ್ಕಿನ್ನಿಗೆ ಸೀರೆ ಎಂದೇ ಹೆಸರು. ಹತ್ತು ಕೀಳು ದರ್ಜೆಯ ಸೀರೆ ಕೊಟ್ಟರೆ ಆಟ ಅವನ್ನು ನುಂಗಿ ಒಂದು ಮೇಲು ದರ್ಜೆಯದನ್ನು ಕೊಡುತ್ತದೆ, ಯಾವುದೆಂದು ಮೊದಲೇ ಹೇಳುವುದಿಲ್ಲ. ಬೇಕಾದರೆ ಬೇರೆ ಊರಿನ ಆಟಗಾರರ ಜೊತೆ ಅದಲುಬದಲೂ ಮಾಡಿಕೊಳ್ಳಬಹುದು ಎಂದು ವಿವರಿಸಿದೆ. ನನಗೆ ಇದೆಲ್ಲ ಅರ್ಥವಾಗಲು ಆರು ತಿಂಗಳು ಹಿಡಿದಿತ್ತು. ಚಿಕ್ಕಿಗೆ ಆರು ನಿಮಿಷವೂ ಬೇಕಾಗಲಿಲ್ಲ. ಚಿಕ್ಕವಳಿದ್ದಾಗ ಅವ್ವನ ಹಿಂದೆ ಹೋಗಿ ಮನೆಮನೆಗೆ ತಾರ್ಲೆ ಮೀನು ಕೊಟ್ಟು ಬದಲಿಗೆ ಭತ್ತ ತಂದವಳಲ್ಲವೇ! ನನಗೆ ಪುಕ್ಕಟೆ ಸಿಕ್ಕಿದ್ದ ಹನ್ನೆರಡು ಗುಜರಿ ಬಂದೂಕುಗಳನ್ನು ಅವಳ ಹೆಸರಿಗೆ ಬರೆದುಕೊಟ್ಟೆ. ಅವನ್ನು ಒಂದಕ್ಕೆರಡು, ಎರಡಕ್ಕೈದು ಎಂದು ಅದಲುಬದಲು ಮಾಡುತ್ತಲೇ ನೂರಾ ಹನ್ನೆರಡಕ್ಕೆ ಏರಿಸಿದಳು.

ಅವಳು ಸೀರೆ ಆರಿಸುವ ರೀತಿಯನ್ನು ನೀವು ನೋಡಬೇಕಿತ್ತು. ಈ ಸ್ಕಿನ್ನುಗಳಲ್ಲಿ ಕೆಲವು ಹೊಚ್ಚ ಹೊಸದರಂತೆ ಫಳಫಳ ಇರುತ್ತವೆ, ಕೆಲವು ತರಚಿ ಮಾಸಿರುತ್ತವೆ. ಚಿಕ್ಕಿ ಬಂದೂಕನ್ನು ಮಗುಚಿ, ಹೊಟ್ಟೆ ನೋಡಿ, ಮೀನಿನ ಕಿವಿರು ಎತ್ತಿ ನೋಡುವವಳ ಹಾಗೆ ಪರದೆಗೆ ಬೆರಳು ಹಾಕುತ್ತಾಳೆ. ಆಮೇಲೆ ತೀರ್ಪು: "ಇದು ನಿನ್ನೆ ಮೀನು. ಬ್ಯಾಡ." ನನ್ನ ಪರದೆಯ ಮೇಲೆ ಇವತ್ತಿಗೂ ಬಂಗಡೆ ಮೀನಿನ ಹುರುಪೆ ಅಂಟಿಕೊಂಡಿರುತ್ತದೆ. ಝೆರಾಕ್ಸ್ ಮಾಡಿಸಲು ಬಂದವರು ಮೂಗು ಮುಚ್ಚಿಕೊಂಡು ಪಹಣಿ ಪತ್ರ ನನ್ನ ಕೈಗೆ ಕೊಡುತ್ತಾರೆ.

ಅವಳನ್ನು ನಿಜಕ್ಕೂ ದಂಗುಬಡಿಸಿದ್ದು ಬೇರೆ. ಹೊಸದಾಗಿ ಬಂದ ಒಂದು ಸೀರೆ ನಾಳೆಗೆ ಹೇಗಿರುತ್ತದೆ ಎಂದು ಕೇಳಿದಳು. ಹೀಗೇ ಇರುತ್ತದೆ ಎಂದೆ. ಮುಂದಿನ ವರ್ಷ? ಹೀಗೇ. "ಐಸ್ ಹಾಕ್ದೇನಾ?" ಎಂದು ಕೇಳಿದಳು. ಐಸ್ ಹಾಕದೆಯೇ ಎಂದೆ. ಜೀವಮಾನವಿಡೀ ಸೂರ್ಯ ನೆತ್ತಿಗೆ ಬರುವುದರೊಳಗೆ ಮಾರಿ ಮುಗಿಸಬೇಕು ಎಂದು ಓಡಿದವಳು, ಎಂದೂ ಕೆಡದ, ಬಣ್ಣ ಬಿಡದ ವಸ್ತುವಿನ ಎದುರು ಕೈ ಮಡಿಲಲ್ಲಿಟ್ಟು ಕೂತುಬಿಟ್ಟಳು. ಬಂದೂಕು ತಿರುಗುತ್ತಿತ್ತು, ಫ್ಯಾನು ತಿರುಗುತ್ತಿತ್ತು, ಹೊರಗೆ ಬಿಸಿಲು ಹಾಲಿನಂತೆ ಚೆಲ್ಲಿತ್ತು. ಮೂರರ ಬಸ್ಸು ಬಂದದ್ದೂ ಹೋದದ್ದೂ ನಮ್ಮಿಬ್ಬರಿಗೂ ಗೊತ್ತಾಗಲಿಲ್ಲ.

ಇಷ್ಟಕ್ಕೇ ನಿಂತಿದ್ದರೆ ನಾನು ಅವಳನ್ನು ವಿಚಿತ್ರದ ಹೆಂಗಸು ಎನ್ನುತ್ತಿರಲಿಲ್ಲ. ಅವಳು ಆಟದೊಳಗೆ ಕೊಸರು ತಂದಳು! ಹತ್ತು ಬಂಗಡೆ ಎಣಿಸಿ ಕೊಟ್ಟಾದ ಮೇಲೆ ಚಿಕ್ಕಿ ಒಂದು ಸಣ್ಣದನ್ನು ಎತ್ತಿ, ಮುಖವನ್ನು ಬೇರೆ ಕಡೆ ತಿರುಗಿಸಿಕೊಂಡು, ಗಿರಾಕಿಯ ಪಾತ್ರೆಗೆ ಹಾಕುತ್ತಾಳೆ. ಅದು ಕೊಸರು. ಕೊಡುವವಳೂ ಎಣಿಸಬಾರದು, ತೆಗೆದುಕೊಳ್ಳುವವರೂ ಎಣಿಸಬಾರದು. ಎಣಿಸಿದರೆ ಅದು ಬರೀ ಹನ್ನೊಂದನೆಯ ಮೀನು. ಕೊಸರಿಲ್ಲದ ವ್ಯಾಪಾರ ಅವಳಿಗೆ ಉಪ್ಪಿಲ್ಲದ ಸಾರು.

ಎಲ್ಲೋ ಹಿಮ ಬೀಳುವ ದೇಶದ ಒಬ್ಬ ಮನುಷ್ಯನ ಜೊತೆ ಒಂದಕ್ಕೊಂದು ಅದಲುಬದಲು ಎಂದು ಒಪ್ಪಂದವಾಗಿತ್ತು. ಚಿಕ್ಕಿ ಅವನಿಗೆ ಐಸಿನಂವ ಎಂದು ಹೆಸರಿಟ್ಟಿದ್ದಳು. ಕೊನೆಗಳಿಗೆಯಲ್ಲಿ ಅವಳು ಬಂದೂಕಿಗೆ ಅಂಟಿಸುವ ಒಂದು ಚಿತ್ರದ ಚೀಟಿಯನ್ನು ಕೊಸರೆಂದು ಮೇಲೆ ಹಾಕಿಸಿದಳು. ಅವನು ಸರ್ರನೆ ವ್ಯಾಪಾರ ರದ್ದು ಮಾಡಿದ. ಪಾಪ, ಕೊಸರು ಕಡಿಮೆಯಾಯಿತು ಎಂದುಕೊಂಡು ಚಿಕ್ಕಿ ಎರಡು ಚೀಟಿ ಹಾಕಿಸಿದಳು. ಇದರಲ್ಲಿ ಏನು ಮೋಸ ಎಂದು ಅವನು ಬರೆದು ಮತ್ತೆ ರದ್ದು ಮಾಡಿದ. ಮೂರನೆಯ ಸಲ ಮೂರು ಹಾಕಿದಾಗ ಅವನು ಎರಡು ದಿನ ನಾಪತ್ತೆಯಾದ. ಲೋಕದಲ್ಲಿ ಹೆಚ್ಚು ಕೊಟ್ಟದ್ದಕ್ಕೆ ಹೆದರಿ ಓಡಿದ ಗಿರಾಕಿಯನ್ನು ನಾನು ಕಂಡದ್ದು ಅದೇ ಮೊದಲು!

ಕೊನೆಗೆ ನಾನೇ ನನ್ನ ಹರಕು ಇಂಗ್ಲಿಷಿನಲ್ಲಿ, ಇದು ಮೋಸವಲ್ಲ ಸ್ವಾಮಿ, ನಮ್ಮ ಕರಾವಳಿಯ ಪದ್ಧತಿ ಎಂದು ಬರೆದೆ. ತುಂಬ ಹೊತ್ತಿನ ಮೇಲೆ ಉತ್ತರ ಬಂತು: ಹಾಗಾದರೆ ನಿಮ್ಮೂರಲ್ಲಿ ಯಾರಿಗೂ ಲಾಭ ಬೇಡವೇ? ಓದಿ ಹೇಳಿದೆ. ಚಿಕ್ಕಿ ಎಲೆಯಡಿಕೆಯ ಬಾಯಲ್ಲೇ, "ಲಾಭ ಬೇರೆ, ಕೊಸರು ಬೇರೆ. ಕೊಸರು ಎಣಿಸೂದಲ್ಲ ಅಂತ ಬರಿ ಅವ್ನಿಗೆ" ಎಂದಳು. ಬರೆದೆ. ಅವನು ಒಪ್ಪಿಕೊಂಡ. ಆಮೇಲೆ ಅವಳ ಖಾಯಂ ಗಿರಾಕಿಯಾದ.

ಇಷ್ಟೆಲ್ಲ ಸೀರೆ ಕೂಡಿಹಾಕಿ ಏನು ಮಾಡುತ್ತೀ ಎಂದು ನಾನು ಕೇಳಿದ್ದುಂಟು. ಅವಳಿಗೆ ನೂರಾ ಹನ್ನೆರಡೂ ಬೇಡವಾಗಿತ್ತು. ಬೇಕಾಗಿದ್ದದ್ದು ಒಂದೇ ಒಂದು. ಬಂಗಡೆ ಬಣ್ಣದ್ದು.

ಇಲ್ಲಿ ಚಿಕ್ಕಪ್ಪನ ವಿಷಯ ಹೇಳಬೇಕು. ಬೈತಖೋಲದ ಬೋಟುಗಳಲ್ಲಿ ಮೂವತ್ತೈದು ವರ್ಷ ದುಡಿದ ಮನುಷ್ಯ. ಮದುವೆಯಾದ ಹೊಸದರಲ್ಲಿ ಚಿಕ್ಕಿ ತನ್ನ ಬುಟ್ಟಿಯ ಬಂಗಡೆಯ ಹೊಳಪನ್ನು ಹೊಗಳಿಕೊಂಡರೆ ಅವನು ನಗುತ್ತಿದ್ದನಂತೆ. "ನೀ ಮಾರೂದು ಬಂಗಡೆನೇ ಅಲ್ಲ ಮಾರಾಯ್ತಿ. ಬಂಗಡೆ ಬಣ್ಣ ನೀ ಕಂಡೇ ಇಲ್ಲ" ಎನ್ನುತ್ತಿದ್ದನಂತೆ. ಬಲೆ ಮೇಲೆ ಬರುವಾಗ ಜೀವಂತ ಬಂಗಡೆಯ ಬೆನ್ನ ಮೇಲೊಂದು ಬಣ್ಣ ಓಡುತ್ತದಂತೆ. ನೀಲಿಯೂ ಅಲ್ಲ, ಹಸಿರೂ ಅಲ್ಲ. ಜೀವ ಹೋದ ಕೂಡಲೇ ಬಣ್ಣವೂ ಹೋಗುತ್ತದೆ. ಬೋಟು ಬಂದರಿನ ದಕ್ಕೆಗೆ ಬರುವಷ್ಟರಲ್ಲಿ ಉಳಿಯುವುದು ಬರೀ ಬೂದಿ ನೀಲಿ. ಚಿಕ್ಕಿಯ ಕಾಲದಲ್ಲಿ ಹೆಂಗಸರು ಬೋಟು ಹತ್ತುವ ರೂಢಿಯಿರಲಿಲ್ಲ. ಹೀಗಾಗಿ ಲಕ್ಷಗಟ್ಟಲೆ ಬಂಗಡೆ ಮಾರಿದವಳು ಬಂಗಡೆಯ ಬಣ್ಣವನ್ನು ಕಂಡೇ ಇಲ್ಲ!

ಈಗ ಸಕ್ಕರೆ ಕಾಯಿಲೆ ಚಿಕ್ಕಪ್ಪನ ಒಂದು ಕಣ್ಣನ್ನು ತೆಗೆದುಕೊಂಡಿದೆ. ಇನ್ನೊಂದೂ ಹೋಗುತ್ತಿದೆ, ತಡೆಯುವುದು ಕಷ್ಟ ಎಂದು ಡಾಕ್ಟರು ಹೇಳಿದ್ದಾರೆ. ಅದು ಹೋಗುವುದರೊಳಗೆ ಅವನು ಒಮ್ಮೆ ಬೆರಳಿಟ್ಟು, ಇದೇ ಆ ಬಣ್ಣ ಎಂದು ತೋರಿಸಬೇಕು. ಅಷ್ಟೇ ಅವಳ ಆಸೆ. ಇಂಟರ್ನೆಟ್ಟಿನಲ್ಲಿ ಬಂಗಡೆಯ ಫೋಟೋಗಳಿಗೇನು ಬರ ಎಂದು ನಾನು ಬುದ್ಧಿವಂತಿಕೆ ತೋರಿಸಿದೆ. ಅವನ್ನೆಲ್ಲ ಚಿಕ್ಕಪ್ಪ ಆಗಲೇ ತಳ್ಳಿಹಾಕಿದ್ದ. ಫೋಟೋದ ಮೀನು ಹೊರಳುವುದಿಲ್ಲವಂತೆ. ಬಂದೂಕು ಹೊರಳುತ್ತದೆ, ಅದರ ಮೈಮೇಲೆ ಬೆಳಕು ಓಡುತ್ತದೆ. ಅದಕ್ಕೇ ಆ ಮಧ್ಯಾಹ್ನ ಅವಳು ಕುರ್ಚಿ ಎಳೆದುಕೊಂಡು ಬಂದದ್ದು.

ನಾನು ಅವಳ ಫೋನಿನಲ್ಲೂ ಆ ಸೀರೆಗಳನ್ನು ನೋಡುವ ಹಾಗೆ ಮಾಡಿಕೊಟ್ಟೆ. ದಿನಕ್ಕೊಂದು ನೀಲಿಯನ್ನೋ ಹಸಿರನ್ನೋ ಭಾವಿಕೇರಿಗೆ ಒಯ್ಯುತ್ತಿದ್ದಳು. ಚಿಕ್ಕಪ್ಪ ಫೋನನ್ನು ಮೂಗಿನ ತನಕ ತಂದು ನೋಡಿ, "ಅಲ್ಲ" ಎನ್ನುತ್ತಿದ್ದ. ಮರುದಿನ ಅದನ್ನು ಬದಲಾಯಿಸಿ ಇನ್ನೊಂದು. ಅದಕ್ಕೂ "ಅಲ್ಲ." ಅವಳಿಗೋಸ್ಕರವಾದರೂ ಒಮ್ಮೆ ಹೌದು ಎನ್ನಬಾರದೇ ಎಂದು ನನಗೆ ಸಿಟ್ಟು ಬರುತ್ತಿತ್ತು. ಅವಳಿಗೆ ಮಾತ್ರ ಅದೇ ಹೆಮ್ಮೆ. ಬಂಗಡೆಯ ವಿಷಯದಲ್ಲಿ ಅಂವ ಸುಳ್ಳು ಹೇಳುವವನಲ್ಲ ಎನ್ನುತ್ತಿದ್ದಳು.

ಒಮ್ಮೆ ಧೈರ್ಯ ಮಾಡಿ ಹತ್ತು ಒಳ್ಳೆಯ ನೀಲಿ ಸೀರೆಗಳನ್ನು ಆಟದ ಬಾಯಿಗೆ ಹಾಕಿದಳು. ಕಣ್ಣು ಮುಚ್ಚಿ ದೇವರಿಗೆ ಕೈಮುಗಿದು ನನಗೆ ಗುಂಡಿ ಒತ್ತಲು ಹೇಳಿದಳು. ಬಂದದ್ದು ಗುಲಾಬಿ! ಬೊಂಬಾಯಿ ಮಿಠಾಯಿಯಂಥ ಗುಲಾಬಿ. ಅವಳು ಗುಲಾಬಿಗೆ ಬೇಸರಪಡಲಿಲ್ಲ, ಬಲೆ ಹಾಕಿದಾಗ ಬೇಕಾದ ಮೀನೇ ಬರಬೇಕೆಂದಿಲ್ಲವಲ್ಲ. ಆದರೆ ಹತ್ತು ನುಂಗಿ ಒಂದು ಕೊಟ್ಟ ಆ ಯಂತ್ರ ಮೇಲೆ ಒಂದು ಚೂರು ಕೊಸರೂ ಹಾಕಲಿಲ್ಲ ಎನ್ನುವುದಕ್ಕೆ ವಾರವಿಡೀ ಬೈದಳು.

ಆ ವಾರದ ಕೊನೆಗೆ ಐಸಿನವನಿಂದ ಒಂದು ಸೀರೆ ಬಂತು. ನಾನು ಅವನಿಗೆ ಬಂಗಡೆಯ ಕತೆಯನ್ನು ಎಂದೋ ಬರೆದಿದ್ದೆ. ಅವನು ಯಾರ್ಯಾರ ಹತ್ತಿರವೋ ವಿಚಾರಿಸಿ ಹುಡುಕಿದನಂತೆ. ಬದಲಿಗೆ ಕೇಳಿದ್ದು ಆ ಗುಲಾಬಿ ಬಂದೂಕು. ತೆರೆದು ನೋಡಿದರೆ ಪರದೆಯ ತುಂಬ ಸಮುದ್ರ. ಕಪ್ಪು ಅಲೆಯಂಥ ಪಟ್ಟೆಗಳ ಕೆಳಗೆ ನೀಲಿ ಕರಗಿ ಹಸಿರಾಗುತ್ತಿತ್ತು, ಹಸಿರು ಹೊರಳಿ ಬೆಳ್ಳಿಯಾಗುತ್ತಿತ್ತು, ಇನ್ನೇನು ಹಿಡಿದೆ ಎನ್ನುವಾಗ ಮತ್ತೆ ನೀಲಿ. ಜೊತೆಗೆ ನಗುವ ಕೋಳಿಯ ಒಂದು ಚೀಟಿ. ಒಪ್ಪಂದದಲ್ಲಿ ಇರಲಿಲ್ಲ. ಚಿಕ್ಕಿ ಬಂದೂಕು ನೋಡುವ ಮೊದಲು ಆ ಕೋಳಿಯನ್ನು ನೋಡಿದಳು. "ಕಲ್ತ ನೋಡು ಅಂವ" ಎಂದಳು.

ಆ ದಿನ ನಾನೂ ಅಂಗಡಿಗೆ ಬೀಗ ಹಾಕಿ ಮೂರರ ಬಸ್ಸು ಹತ್ತಿದೆ. ಚಿಕ್ಕಪ್ಪ ಜಗಲಿಯಲ್ಲಿ ಬೆರಳಿನ ಅಂದಾಜಿನಲ್ಲೇ ಹಳೆ ಬಲೆ ಹೆಣೆಯುತ್ತ ಕೂತಿದ್ದ. ಚಿಕ್ಕಿ ಫೋನನ್ನು ಅವನ ಕೈಗೆ ಕೊಟ್ಟು, ನನ್ನ ಪಕ್ಕ ಬಂದು ಅವನ ಬೆನ್ನ ಹಿಂದೆ ನಿಂತಳು. ಅವನು ಫೋನನ್ನು ಮೂಗಿನ ಹತ್ತಿರ ತಂದ. ದೂರ ಹಿಡಿದ. ಒಳ್ಳೆಯ ಕಣ್ಣಿನ ಕಡೆಗೆ ವಾಲಿಸಿದ. ನಾನು "ಅಲ್ಲ" ಎಂಬ ಮಾತಿಗೆ ಮನಸ್ಸನ್ನು ಗಟ್ಟಿಮಾಡಿಕೊಂಡೆ. ಅಷ್ಟರಲ್ಲಿ ಫೋನು, ಅರ್ಧ ನಿಮಿಷ ಪರದೆ ಮುಟ್ಟದಿದ್ದರೆ ಆರುವ ಅದರ ಹಳೆಯ ಚಾಳಿಯಂತೆ, ಆರಿಹೋಯಿತು. ಕಪ್ಪು ಗಾಜು. ಚಿಕ್ಕಪ್ಪ ಅದನ್ನೇ ನೋಡುತ್ತಿದ್ದ. ನೋಡಿ ನೋಡಿ ಅವನ ಮುಖ ಅರಳಿತು.

"ಹೌದು. ಇದೇ."

ಆಮೇಲೆ ಅವನು ಹೇಳತೊಡಗಿದ. ಬೆಳಕು ಹರಿಯುವ ಹೊತ್ತಿಗೆ ಬಲೆ ಹೇಗೆ ಕೆಳಗಿನಿಂದ ಹೊಳೆಯುತ್ತ ಬರುತ್ತದೆ, ಬಣ್ಣ ಹೇಗೆ ತಲೆಯಿಂದ ಬಾಲಕ್ಕೆ ಓಡಿ ತಿರುಗಿ ಬರುತ್ತದೆ, ಹೇಗೆ ಅದನ್ನು ನೋಡಿದಾಗಲೆಲ್ಲ ಇವಳಿಗೊಮ್ಮೆ ತೋರಿಸಬೇಕಿತ್ತು ಅನಿಸುತ್ತಿತ್ತು, ಎಲ್ಲ. ಕಪ್ಪು ಗಾಜಿನ ಮೇಲೆ ಬೆರಳಿಟ್ಟು ಪಟ್ಟೆಗಳನ್ನು ತೋರಿಸಿದ. ನಾನು ಬಾಯಿ ತೆರೆಯಲಿದ್ದೆ. ಚಿಕ್ಕಿಯ ಕಡೆ ನೋಡಿದೆ. ಅವಳು ಮುಖವನ್ನು ಅಂಗಳದ ತೆಂಗಿನ ಮರದ ಕಡೆ ತಿರುಗಿಸಿಕೊಂಡಿದ್ದಳು.

ನನ್ನನ್ನು ಬಸ್ಸಿಗೆ ಬಿಡಲು ಬಂದವಳಿಗೆ ಹೇಳದಿರಲು ಆಗಲಿಲ್ಲ. "ಚಿಕ್ಕಿ, ಫೋನು ಆರಿಹೋಗಿತ್ತು" ಎಂದೆ.

"ನಾನೂ ಕಂಡೆ" ಎಂದಳು. ಸೆರಗಿನಲ್ಲಿ ಫೋನನ್ನು ಒರೆಸಿ ಸೊಂಟಕ್ಕೆ ಸಿಕ್ಕಿಸಿಕೊಂಡಳು. ದೂರದಲ್ಲಿ ಬಸ್ಸಿನ ಸದ್ದು ಕೇಳುತ್ತಿತ್ತು.

"ಕೊಸರು ಎಣಿಸೂದಲ್ಲ ತಮಾ."