ನಮ್ಮ ರಜೆಯ ಊರು ಆರಿಸುವ ಹುಳಿಹಿಟ್ಟಿನವರಿಗೆ

ಮಾನ್ಯ ಗುಸ್ತಾವ್ ಅವರೇ,

ಗಾಜಿನ ಜಾಡಿಯಲ್ಲಿ ಒದ್ದೆ ಬಟ್ಟೆ ಹೊದ್ದು ವಿರಾಜಿಸುವ ತಮ್ಮ ಸನ್ನಿಧಿಗೆ, ಇಪ್ಪತ್ತೊಂಬತ್ತು ವರ್ಷಗಳಿಂದ ಇದೇ ಬೇಕರಿಯ ಕೌಂಟರಿನ ಹಿಂದೆ ನಿಂತು ಬ್ರೆಡ್ಡು ಮಾರುತ್ತಿರುವ ಸೊಲಾಂಜ್ ಎಂಬವಳ ಅನಂತ ವಂದನೆಗಳು. ತಾವು ಬರೀ ಹುಳಿಹಿಟ್ಟೆಂದು ಆಡಿಕೊಳ್ಳುವವರಿದ್ದಾರೆ. ನನ್ನ ಗಂಡ ಫಿಲಿಬೇರನ ತಾತನ ಕಾಲದಿಂದ ದಿನಕ್ಕೆರಡು ಹೊತ್ತು ಹಿಟ್ಟು ನೀರು ಉಂಡು, ಐವತ್ತೆಂಟು ವರ್ಷ ಈ ಊರಿನ ಬ್ರೆಡ್ಡನ್ನೆಲ್ಲ ಉಬ್ಬಿಸಿದವರನ್ನು ಹಾಗೆನ್ನುವುದು ಕೃತಘ್ನತೆಯೇ ಸರಿ.

ಎರಡು ಬೇಕರಿಗಳೂ ಒಟ್ಟಿಗೆ ಬಾಗಿಲು ಹಾಕಿದರೆ ಊರವರು ದಂಗೆಯೆದ್ದಾರೆಂದು ಪುರಸಭೆಯವರು ಸರದಿ ಗೊತ್ತುಮಾಡಿ, ಸೇತುವೆಯಾಚೆಯವರಿಗೆ ಜುಲೈಯಲ್ಲೂ ನಮಗೆ ಆಗಸ್ಟಿನಲ್ಲೂ ಎಂಟೆಂಟು ದಿನ ರಜೆ ಕೊಟ್ಟಿರುವುದು ತಮಗೆ ತಿಳಿದೇ ಇದೆ. ಆದರೆ ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬಂತೆ, ಹನ್ನೊಂದು ವರ್ಷಗಳಿಂದ ಆ ಎಂಟು ದಿನಗಳನ್ನು ನಾವು ಶಟರು ಎಳೆದ ಅಂಗಡಿಯೊಳಗೇ ತಮಗೆ ಉಣಿಸುತ್ತಾ ಕಳೆದಿದ್ದೇವೆ.

ಈ ವರ್ಷ ಮಾತ್ರ ನಾನು ಹಟ ಹಿಡಿದು ಏಪ್ರಿಲಿನಲ್ಲೇ ಫ್ರಾನ್ಸಿನ ಭೂಪಟವನ್ನು ಊಟದ ಮೇಜಿನ ಮೇಲೆ ಹರಡಿದೆ. ಬ್ರಿಟನಿ ಪ್ರಾಂತಕ್ಕೆ ಹೋಗೋಣವೆಂದರೆ ಅಲ್ಲಿಯ ತೇವಕ್ಕೆ ತಮಗೆ ಮೈಗಳ್ಳತನ ಬರುತ್ತದಂತೆ. ಆಲ್ಸಾಸಿನ ಬಯಲಿನಲ್ಲಿ ಸೆಕೆ, ಪ್ರೊವಾನ್ಸಿನ ಗಾಳಿ ಒರಟು, ಜೂರಾದಲ್ಲಿ ಚೀಸಿನ ಬೂಷ್ಟು ತಮ್ಮ ಶೀಲ ಕೆಡಿಸೀತೆಂಬ ಭಯ. ಕಡೆಗೆ ಫಿಲಿಬೇರ್ ಓವೆರ್ನ್ಯ ಬೆಟ್ಟದಲ್ಲಿ ಒಂದು ಮನೆ ಗೊತ್ತುಮಾಡಿದ. ಅಲ್ಲಿ ತಮಗಾಗಿ ವರ್ಷವಿಡೀ ಹನ್ನೆರಡು ಡಿಗ್ರಿ ಇರುವ ನೆಲಮಾಳಿಗೆಯಿತ್ತು, ನಮಗಾಗಿ ಕಿಟಕಿಯಿಲ್ಲದ ಒಂದು ಕೋಣೆಯಿತ್ತು. ಇಂಥ ದೂರದೃಷ್ಟಿಯನ್ನು ಮೆಚ್ಚದವರುಂಟೇ?

ಸೆಪ್ಟೆಂಬರಿನಲ್ಲಿ ನನ್ನ ಬಲ ಮಂಡಿಯ ಶಸ್ತ್ರಚಿಕಿತ್ಸೆ. ಅದಕ್ಕೆ ಮುಂಚೆ, ನಾನು ಈಜು ಕಲಿತ ರೂಸಿಯೋಂ ಕಡಲಿಗೆ ಒಮ್ಮೆ, ಯಾರ ಕೈಯನ್ನೂ ಹಿಡಿಯದೆ, ನನ್ನ ಕಾಲ ಮೇಲೆಯೇ ನಡೆದು ಇಳಿಯಬೇಕೆಂಬುದಷ್ಟೇ ನನ್ನ ಆಸೆ. ಅದನ್ನು ಹೇಳಿಕೊಂಡರೆ ಫಿಲಿಬೇರ್ ತಮ್ಮ ಜಾಡಿಯನ್ನು ತಟ್ಟುತ್ತಾ, "ಸಮುದ್ರ ಎಲ್ಲಿಗೂ ಓಡೋಗಲ್ಲ ಕಣೆ. ಆ ಬಿಸಿಲಿಗೆ ಇವನು ಉಕ್ಕಿ ಓಡಿಹೋಗ್ತಾನೆ ನೋಡು!" ಎಂದುಬಿಟ್ಟ. ಆ ದಿನ ನನಗೆ ನಿಜಕ್ಕೂ ಅಳು ಬಂತು, ಮಾನ್ಯರೇ. ಮಂಡಿ ನೋವಿಗೆ ಅಳದವಳು ನಾನು.

ಔಷಧಿ ಅಂಗಡಿಯ ಮದಾಮ್ ಕೆಮೆನೇರ್ ಅವರ ಮುಂದೆ ಗೋಳು ತೋಡಿಕೊಂಡಾಗ ಆ ಪುಣ್ಯಾತ್ಗಿತ್ತಿ, "ಅಯ್ಯೋ, ಅಷ್ಟಕ್ಕೆ ಯಾಕಮ್ಮ ಅಳ್ತೀಯ? ಲಸಿಕೆ ಒಯ್ಯೋ ತಂಪುಪೆಟ್ಟಿಗೆ ಕೊಡ್ತೀನಿ, ತಗೊಂಡ್ಹೋಗು" ಎಂದರು. ಫಿಲಿಬೇರ್ ಅದರೊಳಗೆ ಮೂರು ದಿನ ಥರ್ಮಾಮೀಟರು ಇಟ್ಟು ನೋಡಿ, ಹನ್ನೆರಡೇ ಡಿಗ್ರಿಯೆಂದು ಖಾತ್ರಿ ಮಾಡಿಕೊಂಡು, ರೂಸಿಯೋಂಗೆ ಒಪ್ಪಿದ. ಈಗವನು ಪೆಟ್ಟಿಗೆಯನ್ನು ತೊಡೆಯ ಮೇಲೆ ಹಸುಗೂಸಿನಂತೆ ಇಟ್ಟುಕೊಂಡು ಕಾರಿನಲ್ಲಿ ಕೂತಿದ್ದಾನೆ. ಕಾರು ಓಡಿಸಬೇಕಾದ ನಾನು, ರಜೆಯ ನೋಟೀಸು ಅಂಟಿಸಿ ಬರುತ್ತೇನೆಂದು ಹೇಳಿ, ಊರವರೆಲ್ಲ ಓದಲೆಂದು ಇದನ್ನೂ ಶಟರಿಗೆ ಅಂಟಿಸುತ್ತಿದ್ದೇನೆ.

ತಮ್ಮಲ್ಲಿ ನನ್ನ ವಿನಂತಿಗಳು ಅಲ್ಪ. ಬರುವ ವರ್ಷದೊಳಗೆ ತಮ್ಮ ಊಟವನ್ನು ತಾವೇ ಕಲಸಿಕೊಳ್ಳಲು ಕಲಿಯಬೇಕು. ತಮಗೆ ಯಾವ ಪ್ರಾಂತದ ಹವೆ ಒಗ್ಗುತ್ತದೆಂಬುದನ್ನು ನನ್ನ ಗಂಡನ ಬಾಯಿಂದ ಹೇಳಿಸದೆ ಪುರಸಭೆಗೆ ಖುದ್ದಾಗಿ ಲಿಖಿತ ಅರ್ಜಿ ಕೊಡಬೇಕು. ಸಾಧ್ಯವಾದರೆ, ರಾತ್ರಿ ನನ್ನ ಗಂಡ ಎದ್ದು ಬಂದು ಮುಚ್ಚಳ ತೆರೆದಾಗ, "ಹೋಗಪ್ಪ, ಹೆಂಡತಿ ಕಾಯ್ತಿದಾಳೆ" ಎಂದು ಒಂದು ಮಾತು ಹೇಳಬೇಕು.

ಹದಿನೆಂಟನೇ ತಾರೀಕಿನವರೆಗೆ ಯಾರ ಕೈಗೂ ಸಿಗದಿರುವ,
ತಮ್ಮ ವಿಶ್ವಾಸಿ,
ಸೊಲಾಂಜ್

ತಾ.ಕ.: ಇದನ್ನು ಓದುವ ಗಿರಾಕಿಗಳು ದಯವಿಟ್ಟು ಫಿಲಿಬೇರನಿಗೆ ಫೋನು ಮಾಡಬೇಡಿ. ಗುಸ್ತಾವರು ಮದಾಮ್ ಕೆಮೆನೇರ್ ಅವರ ಫ್ರಿಜ್ಜಿನಲ್ಲಿ, ಇನ್ಸುಲಿನ್ನಿನ ಪಕ್ಕದಲ್ಲಿ ಸುಖನಿದ್ರೆಯಲ್ಲಿದ್ದಾರೆ. ಪೆಟ್ಟಿಗೆಯಲ್ಲಿರುವುದು ನಿನ್ನೆ ನಾನು ಕಲಸಿದ ಕ್ರೇಪ್ ದೋಸೆಯ ಹಿಟ್ಟು. ಈಗಷ್ಟೇ ಅವನು ಮುಚ್ಚಳ ಎತ್ತಿ ಮೂಸಿ ನೋಡಿ, "ನೋಡೆ, ರಜೆ ಅಂದ ಕೂಡ್ಲೆ ಇವನ ಮುಖ ಹೇಗೆ ಅರಳಿದೆ!" ಎಂದು ಕೂಗಿ ಹೇಳಿದ.