ಅಳತೆಗೆ ಸಿಕ್ಕ ಅಣ್ಣನ ಕೈ

ನನ್ನ ಮಗಳ ಕಿವಿ ಚುಚ್ಚಿಸಿದ ದಿನ ಅವಳನ್ನು ಸೋದರಮಾವನ ತೊಡೆಯ ಮೇಲೆ ಕೂರಿಸಲಿಲ್ಲ. ನಾನು ಮಾಡದೆ ಬಿಟ್ಟದ್ದು ಅದೊಂದೇ. ಅದೊಂದೇ ಸಾಕಲ್ಲ! ಆ ಸೋದರಮಾವ, ಅಂದರೆ ನಮ್ಮಣ್ಣ, ಎಂಥವನು ಗೊತ್ತೇ? ದೇವರೇ ಎದುರಿಗೆ ಬಂದರೂ ಕೈ ಮುಗಿಯುವ ಮೊದಲು ಕಿರೀಟದ ಸುತ್ತಳತೆ ತೆಗೆಯುವವನು!

ಪೀಣ್ಯದ ಶೆಡ್ಡೊಂದರಲ್ಲಿ ಅವನದು ಕಬ್ಬಿಣದ ಬಿಡಿಭಾಗ ಉಜ್ಜುವ ಗ್ರೈಂಡಿಂಗ್ ಕೆಲಸ. ಅಳತೆಯ ವರ್ನಿಯರ್ ಜೇಬಿನಲ್ಲೇ ಮನೆಗೂ ಬರುತ್ತಿತ್ತು. ಅಮ್ಮ ತಟ್ಟಿದ ರಾಗಿರೊಟ್ಟಿಯ ಅಂಚನ್ನು ಅದರ ಬಾಯಿಗೆ ಕೊಟ್ಟು, "ಈ ಕಡೆ ದಪ್ಪ, ಆ ಕಡೆ ತೆಳು. ರಿಜೆಕ್ಟು!" ಎನ್ನುತ್ತಿದ್ದ.

"ಬಿಡು, ನಿನ್ ತಂಗಿ ತಿಂತಾಳೆ" ಎನ್ನುತ್ತಿದ್ದಳು ಅಮ್ಮ.

ಆರನೇ ಕ್ಲಾಸಿಗೆ ಶಾಲೆ ಬಿಟ್ಟ ನಾನು ಮೈ ತುಂಬಿಕೊಂಡದ್ದು ಆ ರಿಜೆಕ್ಟ್ ರೊಟ್ಟಿಗಳಿಂದಲೇ!

ಆಮೇಲೆ ಅವನ ಬಲಗೈ ನಡುಗತೊಡಗಿತು. ಸುಮ್ಮನಿರುತ್ತಾನೆಯೇ? ಮನೆಯ ಮೇಜಿನ ಮೇಲೆ, ಕೂದಲೆಳೆಯಷ್ಟು ಅಲುಗಾಟವನ್ನೂ ತೋರಿಸುವ ಡಯಲ್ ಗೇಜ್ ನಿಲ್ಲಿಸಿ ತುದಿಗೆ ಬೆರಳು ತಾಗಿಸಿದ. ಮುಳ್ಳು ಕುಣಿಯಿತು.

"ಪಕ್ಕದ ಶೆಡ್ಡಲ್ಲಿ ಪ್ರೆಸ್ ಹೊಡೀತಾವ್ರೆ ಕಣೇ, ನೆಲ ಅದುರ್ತೈತೆ."

"ಇವತ್ತು ಭಾನುವಾರ ಕಣಣ್ಣ! ಪ್ರೆಸ್ಸಿಗೆ ರಜಾ, ನಿನ್ ಬಾಟ್ಲಿಗಿಲ್ವಾ?"

ಕುಡಿಯುತ್ತಾನೆಂದೇ ನಂಬಿದ್ದೆ. ಹತ್ತಿರ ಹೋಗಿ ಮೂಸಿದರೆ ಬರೀ ಏಲಕ್ಕಿ. ವಾಸನೆ ಮುಚ್ಚಲು ಏಲಕ್ಕಿ ಅಗಿಯುತ್ತಾನೆ, ಅದೇ ಸಾಕ್ಷಿ ಅಂದುಕೊಂಡೆ!

ಕಿವಿ ಚುಚ್ಚುವ ದಿನ ಹೊಸ ಪಂಚೆ ಉಟ್ಟು, ಚಾಪೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕಾದು ಕೂತಿದ್ದ. ಕುಡಿದು ನಡುಗುವ ಕೈಗೆ ಕೂಸನ್ನು ಕೊಡುವುದೇ ಎಂದು ನಾನು ಮಗುವನ್ನು ಮೈದುನನ ತೊಡೆಗೆ ಕೊಟ್ಟು, "ಅಣ್ಣ, ನೀನು ಫೋಟೋ ತೆಗಿ" ಎಂದು ಫೋನು ಹಿಡಿಸಿದೆ. ಪಂಚೆ ಕೊಡವಿ ಎದ್ದ. ಆ ಫೋಟೋಗಳಲ್ಲಿ ನಮಗೆಲ್ಲ ಎರಡೆರಡು ಮೂಗು!

ಮೊನ್ನೆ ಆಸ್ಪತ್ರೆಯಲ್ಲಿ ಡಾಕ್ಟರು ಅವನ ಮಣಿಕಟ್ಟಿಗೆ ಗಡಿಯಾರದಂಥದ್ದೊಂದನ್ನು ಕಟ್ಟಿ, "ಕೈ ತೊಡೆ ಮೇಲಿಟ್ಟು ಸುಮ್ನೆ ಕೂತ್ಕೊಳ್ಳಿ" ಎಂದರು. ಕೈ ಸುಮ್ಮನೆ ಕೂರಲಿಲ್ಲ. ಡಾಕ್ಟರ ಮೇಜಿನ ಪರದೆಯ ಮೇಲೆ, ನಾನು ಗಾರ್ಮೆಂಟ್ಸಿನಲ್ಲಿ ಹಾಕುವ ಅಂಕುಡೊಂಕು ಹೊಲಿಗೆಯಂತೆ ಗೆರೆ ಓಡಿತು.

"ಸಾರ್, ಇದು ಸರಿಯಾದ ಅಳತೆ ತೋರಿಸ್ತದಾ, ಕ್ಯಾಲಿಬ್ರೇಷನ್ ಆಗೈತಾ?" ಎಂದ ಅಣ್ಣ.

ಡಾಕ್ಟರು ನಕ್ಕರು. "ಆಗಿದೆ ಯಜಮಾನ್ರೇ. ನಡುಕ ಎಷ್ಟಿದೆ, ಮಾತ್ರೆಗೆ ಎಷ್ಟು ಇಳಿಯುತ್ತೆ, ಎಲ್ಲ ಇದ್ರಲ್ಲೇ ನೋಡ್ತೀವಿ. ಮಿದುಳಿನ ಕಾಯಿಲೆ ಇದು."

"ಕುಡಿದ್ರೆ ಬರೋದಲ್ವಾ ಸಾರ್?" ಎಂದೆ ನಾನು.

"ಕುಡಿತಕ್ಕೂ ಇದಕ್ಕೂ ಸಂಬಂಧ ಇಲ್ಲಮ್ಮ."

"ನಾನು ಕುಡಿಯೋದು ಏಲಕ್ಕಿ ಟೀ ಮಾತ್ರ ಸಾರ್" ಎಂದ ಅಣ್ಣ. "ಈಗ ಅದ್ರಲ್ಲೂ ಅರ್ಧ ಅಂಗಿ ಕುಡೀತದೆ."

ನಗು ಬರಲಿಲ್ಲ. ಖಾಲಿ ತೊಡೆಯ ಮೇಲೆ ನಡುಗುತ್ತಿದ್ದ ಆ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೆ. ಪರದೆಯ ಗೆರೆ ಎಡವಿತು.

"ಕೈ ಬಿಡೇ, ರೀಡಿಂಗ್ ಕೆಡ್ತದೆ!"

ಬಿಡಲಿಲ್ಲ.

"ತಪ್ಪಾಯ್ತು ಕಣಣ್ಣ. ಪಾಪುನ ನಿನ್ ತೊಡೆ ಮೇಲೇ ಕೂರಿಸ್ಬೇಕಿತ್ತು."