ನಿಯಂತ್ರಣ ಗುಂಪು

ಈ ಎಡವಟ್ಟಿಗೆಲ್ಲ ಮೂಲ ಒಂದೇ ಒಂದು ಪದ. ಹೇಳಿದವರಿಗೂ ಅದರ ಅರ್ಥ ಗೊತ್ತಿರಲಿಲ್ಲ, ಕೇಳಿಸಿಕೊಂಡವರಿಗೂ ಗೊತ್ತಿರಲಿಲ್ಲ. ಗೊತ್ತಿಲ್ಲ ಎಂದು ಒಪ್ಪಿಕೊಳ್ಳಲು ಇಬ್ಬರಿಗೂ ನಾಚಿಕೆ. ಶಾಲೆ ಎಂದ ಮೇಲೆ ಇದೆಲ್ಲ ಇದ್ದದ್ದೇ.

ಹೇಳಿದವರು ದೊಡ್ಡ ಮೇಡಂ, ಅಂದರೆ ಮುಖ್ಯೋಪಾಧ್ಯಾಯಿನಿ. ಕೇಳಿಸಿಕೊಂಡವರು ಬೆಣ್ಣೆ ಮೇಷ್ಟ್ರು. ಮಕ್ಕಳ ತಪ್ಪನ್ನು ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ತಿದ್ದುತ್ತಾರೆಂದು ಯಾವ ಕಾಲದಲ್ಲೋ ಯಾರೋ ಮೆಚ್ಚಿ ಇಟ್ಟ ಹೆಸರು ಅದು. ಈಗ ಸಹೋದ್ಯೋಗಿಗಳೆಲ್ಲ ಅದನ್ನು ‘ಮೆತ್ತಗಿನ ಆಸಾಮಿ’ ಎಂಬ ಅರ್ಥದಲ್ಲೇ ಬಳಸುತ್ತಿದ್ದರು.

"ನೋಡಿ ಮೇಷ್ಟ್ರೇ, ಶಿಕ್ಷಣ ಕಾಲೇಜಿಂದ ಇವತ್ತು ಒಬ್ಬಳು ಸಂಶೋಧಕಿ ಬರ್ತಾಳೆ. ಎರಡು ತರಗತೀಲಿ ಕೂತು ನೋಡ್ತಾಳಂತೆ. ಪಕ್ಕದ ಗುಡುಗು ಮೇಷ್ಟ್ರದು ಪ್ರಯೋಗದ ಗುಂಪು. ನಿಮ್ಮದು ನಿಯಂತ್ರಣ ಗುಂಪು."

"ನಿಯಂತ್ರಣ ಗುಂಪಾ ಮೇಡಂ?"

"ಹೌದ್ರೀ, ನಿಯಂತ್ರಣ! ನಿಮ್ಮ ತರಗತೀಲಿ ಅದೊಂದು ಬಿಟ್ಟು ಇನ್ನೆಲ್ಲಾ ಇದೆ. ಮಕ್ಕಳು ಕಿಟಕಿ ಮೇಲೆ ಕೂತಿರ್ತವೆ, ನೀವು ನೆಲದ ಮೇಲೆ ಕೂತಿರ್ತೀರಿ. ಇವತ್ತು ಮಾತ್ರ ನೊಣ ಹಾರಿದ್ರೂ ಸದ್ದು ಕೇಳಿಸಬೇಕು. ಮಾನ ಕಳೆದ್ರೋ, ನಾಳೆಯಿಂದ ನಿಮ್ಮ ಮಕ್ಕಳು ಗುಡುಗು ಮೇಷ್ಟ್ರ ಕೈಗೆ. ನೀವು ಪಾಠೋಪಕರಣದ ಕೋಣೇಲಿ ಭೂಪಟಗಳಿಗೆ ಕತೆ ಹೇಳ್ಕೊಂಡಿರಿ."

ಭೂಪಟಗಳಿಗೆ ಮೇಷ್ಟ್ರು ಹೆದರಲಿಲ್ಲ. ಅವರು ಹೆದರಿದ್ದು ಗುಬ್ಬಿಯನ್ನು ನೆನೆದು.

ಗುಬ್ಬಿ ಅವರ ತರಗತಿಯ ಹುಡುಗಿ. ಆ ಹೆಸರಿಟ್ಟವರು ಅವರೇ. ಉಳಿದವರೆಲ್ಲ ಅವಳನ್ನು ಮೂಕಿ ಎನ್ನುತ್ತಿದ್ದರು. ಮನೆಯಲ್ಲಿ ಅಜ್ಜಿಯ ಜೊತೆ ಅರಳು ಹುರಿದ ಹಾಗೆ ಮಾತಾಡುತ್ತಾಳಂತೆ, ಶಾಲೆಯ ಬಾಗಿಲು ದಾಟಿದರೆ ತುಟಿಗೆ ಹೊಲಿಗೆ. ಅವಳಿಗಾಗಿ ಮೇಷ್ಟ್ರು ತಮ್ಮ ಹಳೆಯ ಆಟ ತೆಗೆದಿದ್ದರು. ಕರವಸ್ತ್ರವನ್ನು ಮಡಿಸಿ, ಗಂಟು ಹಾಕಿ, ಎರಡು ಕಿವಿ ಎಬ್ಬಿಸಿದರೆ ಒಂದು ಇಲಿ. ಹೆಸರು ಇಲಿರಾಯರು. ರಾಯರಿಗೆ ಕಿವಿ ಮಂದ. ಅವರಿಗೇನಾದರೂ ಹೇಳಬೇಕಾದರೆ ಹತ್ತಿರ ಬಂದು, ಕಿವಿಗೆ ಬಾಯಿಟ್ಟು ಹೇಳಬೇಕು. ಗುಬ್ಬಿ ಮೊದಲು ಬರೀ ತುಟಿ ಆಡಿಸಿದಳು. ತಿಂಗಳುಗಳು ಕಳೆದ ಮೇಲೆ ಉಸಿರು ಬಂತು, ಆಮೇಲೆ ಪಿಸುಮಾತು. ನಿನ್ನೆ ಸಂಜೆ ಅವಳು ರಾಯರ ಕಿವಿಯಲ್ಲಿ, "ನಾಳೆ ಎಲ್ಲರ ಮುಂದೆ ಓದ್ತೀನಿ" ಎಂದಿದ್ದಳು. ಮೇಷ್ಟ್ರು ಅದನ್ನು ಹೆಂಡತಿಗೆ ಊಟ ಮಾಡುವಾಗ ಹೇಳಿದರು, ಕೈ ತೊಳೆಯುವಾಗ ಮತ್ತೆ ಹೇಳಿದರು.

ಆ ಗುಬ್ಬಿ ಗುಡುಗು ಮೇಷ್ಟ್ರ ಕೈಗೆ ಸಿಕ್ಕಿದರೆ ಮುಗಿಯಿತು. ಅವರು ಸೀನಿದರೂ ಮಕ್ಕಳು ಎದ್ದು ನಿಲ್ಲುತ್ತಿದ್ದವು. ಇವತ್ತೊಂದು ದಿನ ಹುಲಿಯಾಗಿ ಕೆಲಸ ಸಾಧಿಸಿಬಿಡೋಣ ಎಂದುಕೊಂಡು ಬೆಣ್ಣೆ ಮೇಷ್ಟ್ರು ಶಿಕ್ಷಕರ ಕೋಣೆಗೆ ಬಂದರು.

ಅಲ್ಲಿ ಸಲಹೆಗೆ ಬರವೇ?

"ಹಾವು ಕಚ್ಚದಿದ್ರೂ ಬುಸುಗುಡಬೇಕು ಸಾರ್" ಎಂದರು ಡ್ರಿಲ್ ಮೇಷ್ಟ್ರು. "ಎಲ್ಲಿ, ಹುಬ್ಬು ಗಂಟಿಕ್ಕಿ ನೋಡೋಣ."

ಮೇಷ್ಟ್ರು ಗಂಟಿಕ್ಕಿದರು. ಹೊಲಿಗೆ ಟೀಚರ್ ಗಾಬರಿಯಿಂದ ಎದ್ದುಬಂದರು. "ಅಯ್ಯೋ, ಹಲ್ಲುನೋವಾ ಸಾರ್? ಲವಂಗ ಇದೆ, ಕೊಡ್ಲಾ?"

"ಇದು ಆಗೋ ಹೋಗೋ ಮಾತಲ್ಲ" ಎಂದು ಡ್ರಿಲ್ ಮೇಷ್ಟ್ರು ತಮ್ಮ ಕೊರಳ ಸೀಟಿ ಬಿಚ್ಚಿ ಬೆಣ್ಣೆ ಮೇಷ್ಟ್ರ ಕೊರಳಿಗೆ ಹಾಕಿದರು. "ಗಲಾಟೆ ಆಯ್ತಾ, ಒಂದ್ಸಲ ಊದಿ. ಆಮೇಲೆ ನೋಡಿ ಮಜಾ."

ಮಜಾ ಬೇಗನೇ ಕಾಣಿಸಿತು. ಮೇಷ್ಟ್ರು ಹುಬ್ಬು ಗಂಟಿಕ್ಕಿಕೊಂಡು ತರಗತಿಗೆ ಕಾಲಿಟ್ಟದ್ದೇ, "ಸಾರ್ ಹುಲಿ ಆಟ ಆಡ್ತಿದ್ದಾರೆ!" ಎಂದು ಮಕ್ಕಳು ಕುಣಿದಾಡಿದವು. ಇಬ್ಬರು ಕುರಿಯಾಗಿ ಮೇಜಿನಡಿ ಸೇರಿಕೊಂಡರು. ಮೇಷ್ಟ್ರು ಸೀಟಿ ಊದಿದರು. ಆ ಸೀಟಿ ಕೇಳಿದರೆ ಬಯಲಿಗೆ ಓಡಬೇಕೆಂದು ಡ್ರಿಲ್ ಮೇಷ್ಟ್ರು ಮಕ್ಕಳಿಗೆ ಚೆನ್ನಾಗಿ ಕಲಿಸಿದ್ದರು. ಇಡೀ ತರಗತಿ ಕಟ್ಟೆಯೊಡೆದ ನೀರಿನಂತೆ ಬಾಗಿಲತ್ತ ನುಗ್ಗಿತು. ಬಾಗಿಲಲ್ಲಿ ಆಗ ತಾನೇ ಬಂದು ನಿಂತಿದ್ದ ಸಂಶೋಧಕಿ ಒಂದು ಸುತ್ತು ತಿರುಗಿ ಗೋಡೆಗೆ ಒರಗಿದಳು. ಅವಳ ಕನ್ನಡಕ ಕುರಿಗಳ ಕಾಲಡಿ ಹೋಗಿ, ಪುಣ್ಯಕ್ಕೆ, ಒಂದು ಗಾಜಿನೊಂದಿಗೆ ವಾಪಸು ಬಂತು.

ಕಿಟಕಿಯಾಚೆ ದೊಡ್ಡ ಮೇಡಂ ನಿಂತಿದ್ದರು. ಪಕ್ಕದ ತರಗತಿಯತ್ತ ಒಮ್ಮೆ ನೋಡಿ, ಮತ್ತೆ ಇವರನ್ನು ನೋಡಿದರು.

ಮೇಷ್ಟ್ರಿಗೆ ನಿಜವಾಗಿ ಜೀವ ಹೋದಂತಾಯಿತು. ಮಕ್ಕಳನ್ನು ಒಳಗೆ ತಂದರು. ಬಾಗಿಲು ಬಡಿದರು. ಅಷ್ಟು ವರ್ಷ ಎಲ್ಲಿತ್ತೋ ಏನೋ, ಎದೆಯಾಳದಿಂದ ಒಂದು ಅಬ್ಬರ ಎದ್ದುಬಂತು.

"ಕೂತ್ಕೊಳ್ಳಿ! ಬೆರಳು ತುಟಿ ಮೇಲೆ! ಒಬ್ಬರು ಉಸಿರೆತ್ತಿದ್ರೆ ಚರ್ಮ ಸುಲೀತೀನಿ!"

ಮಕ್ಕಳು ಕೂತವು. ಬೆರಳು ತುಟಿಗೆ ಹೋಯಿತು. ಕುರಿಯಾಗಿದ್ದ ಒಂದು ಮಗು ಬಿಕ್ಕಿತು. ಹೆದರಿಸುವುದು ಇಷ್ಟು ಸುಲಭವೆಂದು ಮೇಷ್ಟ್ರಿಗೆ ಗೊತ್ತೇ ಇರಲಿಲ್ಲ. ಬೆವರು ಕಿತ್ತುಕೊಂಡು ಬಂತು. ಕರವಸ್ತ್ರ ತೆಗೆದು ಒರೆಸಿಕೊಂಡರು. ಅದನ್ನು ಕಂಡು ಕೆಲವು ಮಕ್ಕಳ ಕಣ್ಣು ಆಸೆಯಿಂದ ಅರಳಿದವು. ಮೇಷ್ಟ್ರು ಅದನ್ನು ಹಾಗೇ ಜೇಬಿಗೆ ತುರುಕಿದರು.

ಸಂಶೋಧಕಿ ಹಿಂದಿನ ಮೂಲೆಯಲ್ಲಿ ಕುಳಿತಿದ್ದಳು. ಮೇಷ್ಟ್ರು ಹೆದರಿ ಅವಳ ಮುಖವನ್ನೇ ನೋಡಲಿಲ್ಲ. ಬೆನ್ನು ತಿರುಗಿಸಿ ಹಲಗೆಯ ಮೇಲೆ ಭಾಗಾಕಾರ ಬರೆಯುತ್ತ ಹೋದರು. ಗೋಡೆಯಾಚೆಯ ಗುಡುಗು ಮೇಷ್ಟ್ರ ತರಗತಿಯಿಂದ ನಗು ಕೇಳಿಬಂತು. ನಗು! ಯಾರೋ ಅಲ್ಲಿ ಜಾರಿಬಿದ್ದಿರಬೇಕು ಎಂದುಕೊಂಡರು. ನಗು ಮತ್ತೆ ಮತ್ತೆ ಬಂತು.

ಅಷ್ಟರಲ್ಲಿ ಬೆಂಚು ಕಿರುಗುಟ್ಟಿತು. ತಿರುಗಿ ನೋಡಿದರೆ ಗುಬ್ಬಿ ಎದ್ದು ನಿಂತಿದ್ದಳು.

ಕೈಯಲ್ಲಿ ಪುಸ್ತಕ. ಎಣ್ಣೆ ಹಾಕಿ ಬಿಗಿದ ಎರಡು ಜಡೆ. ಅಜ್ಜಿ ಇವತ್ತಿಗೆಂದೇ ಬಾಚಿ ಕಳಿಸಿದ್ದಿರಬೇಕು. ತುಟಿ ಆಡುತ್ತಿತ್ತು. ಅವಳು ಮಾತು ಉಳಿಸಿಕೊಳ್ಳಲು ಎದ್ದಿದ್ದಳು. ಇಡೀ ತರಗತಿ ಅವಳತ್ತ ತಿರುಗಿತು, "ಮೂಕಿ, ಮೂಕಿ" ಎಂದು ಗುಸುಗುಸು ಎದ್ದಿತು. ಕಿಟಕಿಯಲ್ಲಿ ದೊಡ್ಡ ಮೇಡಂ ಹುಬ್ಬೇರಿಸಿದರು. ಸಂಶೋಧಕಿ ಮುಂದಕ್ಕೆ ಬಾಗಿದಳು. ಬಿಟ್ಟರೆ ಎಲ್ಲ ಕೈತಪ್ಪಿ ಹೋಗುತ್ತದೆ, ಇವಳೂ ಹೋಗುತ್ತಾಳೆ ಎಂದು ಮೇಷ್ಟ್ರಿಗೆ ಕಣ್ಣು ಕತ್ತಲಿಟ್ಟಿತು.

"ಕೂತ್ಕೋ! ಬಾಯಿ ಮುಚ್ಚು!"

ಬಾಯಿ ಬಿಡು ತಾಯಿ ಎಂದು ಯಾರನ್ನು ಅಷ್ಟು ದಿನ ಬೇಡಿಕೊಂಡಿದ್ದರೋ ಅವಳಿಗೇ ಆ ಮಾತು ಹೋಯಿತು. ಗುಬ್ಬಿ ಕೂತಳು. ಪುಸ್ತಕ ಮುಚ್ಚಿ, ಬೆರಳನ್ನು ತುಟಿಯ ಮೇಲಿಟ್ಟುಕೊಂಡಳು. ಅಳಲಿಲ್ಲ. ಅತ್ತಿದ್ದರೆ ಮೇಷ್ಟ್ರಿಗೆ ಅಷ್ಟು ಸಂಕಟವಾಗುತ್ತಿರಲಿಲ್ಲ. ಸಂಜೆ ಸಮಾಧಾನ ಮಾಡೋಣ, ನಾಳೆ ಓದಿಸೋಣ, ಸದ್ಯ ಇವಳು ನನ್ನ ಹತ್ತಿರ ಉಳಿದರೆ ಸಾಕು ಎಂದು ಅವರು ಭಾಗಾಕಾರಕ್ಕೆ ತಿರುಗಿದರು. ಲೆಕ್ಕ ಕೊನೆತನಕ ತಪ್ಪಾಗಿತ್ತು. ಹೇಳುವ ಧೈರ್ಯ ಯಾವ ಮಗುವಿಗೂ ಇರಲಿಲ್ಲ.

ಊಟದ ಬಿಡುವಿನಲ್ಲಿ ದೊಡ್ಡ ಮೇಡಂ ಶಿಕ್ಷಕರ ಕೋಣೆಯಲ್ಲಿ ಎಲ್ಲರ ಮುಂದೆ ಅವರ ಕೈ ಕುಲುಕಿದರು. "ಶುರುವಿನಲ್ಲಿ ಎದೆ ಧಸಕ್ಕೆಂದಿತ್ತು. ಆಮೇಲೆ ಹಿಡಿದ್ರಿ ನೋಡಿ, ಅದು ನಿಯಂತ್ರಣ! ಇನ್ಮೇಲೆ ಶಾಲೆಯ ಶಿಸ್ತಿನ ಉಸ್ತುವಾರಿ ನಿಮ್ಮದೇ."

ಮೂಲೆಯಲ್ಲಿ ಕುಳಿತಿದ್ದ ಸಂಶೋಧಕಿ ಎದ್ದುಬಂದಳು. ಒಂಟಿ ಗಾಜಿನ ಕನ್ನಡಕದ ಹಿಂದೆ ಕಣ್ಣು ಕೆಂಪಾಗಿತ್ತು.

"ಮೇಷ್ಟ್ರೇ, ಯಾಕೆ ಹೀಗೆ ಮಾಡಿದ್ರಿ? ನಿಯಂತ್ರಣ ಗುಂಪು ಅಂದ್ರೆ ಅದುಮಿ ಹಿಡಿಯೋದಲ್ಲ. ಏನನ್ನೂ ಬದಲಾಯಿಸದೆ, ದಿನಾ ಇದ್ದ ಹಾಗೇ ಬಿಡೋದು. ಅದರ ಪಕ್ಕದಲ್ಲಿಟ್ಟು ಪ್ರಯೋಗ ಫಲಿಸಿತೋ ಇಲ್ಲವೋ ನೋಡ್ತೀವಿ, ಅಷ್ಟೆ."

ದೊಡ್ಡ ಮೇಡಂ ತಕ್ಷಣ ಗೋಡೆಯ ವೇಳಾಪಟ್ಟಿಯನ್ನು ಓದತೊಡಗಿದರು. ಬೆಣ್ಣೆ ಮೇಷ್ಟ್ರು ಇಂಗು ತಿಂದ ಮಂಗನಂತೆ ನಿಂತರು. "ಹಾಗಾದ್ರೆ... ಪ್ರಯೋಗ ಏನಮ್ಮಾ?"

ಉತ್ತರ ಬಂದದ್ದು ಗುಡುಗು ಮೇಷ್ಟ್ರಿಂದ. ಅವರು ಜೇಬಿಗೆ ಕೈ ಹಾಕಿ, ನಾಚುತ್ತ, ಒಂದು ಕರವಸ್ತ್ರದ ಇಲಿಯನ್ನು ತೆಗೆದು ಮೇಜಿನ ಮೇಲಿಟ್ಟರು. ಎರಡು ಕಿವಿಯೂ ನೆಟ್ಟಗೆ ನಿಂತಿದ್ದವು.

"ಯಾರಿಗೂ ಹೇಳಕೂಡದು ಅಂತ ಈ ಸಂಶೋಧಕಿ ಮೇಡಂ ಆಣೆ ಹಾಕಿಸಿದ್ರು ಸಾರ್. ತಿಂಗಳಿಂದ ಸಂಜೆ ಮನೆಗೆ ಬಂದು ಹೇಳಿಕೊಡ್ತಿದ್ರು. ಈ ಕಿವಿ ನಿಲ್ಲಿಸೋದು ಕಲಿಯೋಷ್ಟರಲ್ಲಿ ಮನೆಯವಳ ಕೈಲಿ ಎಷ್ಟು ಬೈಸಿಕೊಂಡೆ! ಆದ್ರೆ ಸಾರ್, ಇವತ್ತು ಒಂದು ಮಗು ತಾನಾಗೇ ಬಂದು ನನ್ನ ಕೈ ಹಿಡ್ಕೊಳ್ತು. ಇಷ್ಟು ವರ್ಷದಲ್ಲಿ ಯಾರೂ ಹಿಡಿದಿರಲಿಲ್ಲ." ಅವರು ಆ ಕೈಯನ್ನೇ ತಿರುಗಿಸಿ ನೋಡಿಕೊಂಡರು.

"ನಿಮ್ಮ ಪಾಠ ಬೇರೆಯವರಿಗೂ ಕಲಿಸೋಕಾಗುತ್ತೆ ಅಂತ ತೋರಿಸಬೇಕಿತ್ತು ಮೇಷ್ಟ್ರೇ" ಎಂದಳು ಸಂಶೋಧಕಿ. "ಅಂಥ ಮೇಷ್ಟ್ರೊಬ್ರು ಇದ್ದಾರೆ ಅನ್ನೋದಕ್ಕೆ ನಿನ್ನ ನೆನಪೊಂದೇ ಸಾಲದು, ಹೋಗಿ ಕಣ್ಣಾರೆ ನೋಡ್ಕೊಂಡು ಬಾ ಅಂದ್ರು ನಮ್ಮ ಮಾರ್ಗದರ್ಶಕರು. ನಾನೂ ಚಿಕ್ಕಂದಿನಲ್ಲಿ ಮೊದಲು ಮಾತಾಡಿದ್ದು ಇಲಿರಾಯರ ಕಿವಿಗೇ. ಗುರುತು ಸಿಗಲಿಲ್ವಾ?"

ಮೇಷ್ಟ್ರು ಆಗ ಅವಳ ಮುಖ ನೋಡಿದರು. ಗುರುತು ಸಿಕ್ಕಿತು. ಸಿಗದಿದ್ದರೇ ಚೆನ್ನಾಗಿತ್ತು.

"ನಾಳೆ ಇನ್ನೊಂದ್ಸಲ ಬಾಮ್ಮಾ. ನಾಳೆ ನಾನು ನನ್ನ ಹಾಗೇ ಇರ್ತೀನಿ."

ಅವಳು ಇಲ್ಲವೆಂದು ತಲೆಯಾಡಿಸಿದಳು. "ನೋಡ್ತಿದ್ದಾರೆ ಅಂತ ಗೊತ್ತಾದ್ರೆ ಮನುಷ್ಯ ತನ್ನ ಹಾಗೆ ಇರೋದಿಲ್ಲ ಮೇಷ್ಟ್ರೇ. ಅದಕ್ಕೇ ಯಾಕೆ ಬರ್ತಿದ್ದೀನಿ ಅಂತ ನಿಮಗೆ ಹೇಳಿರಲಿಲ್ಲ. ಇನ್ನು ನಾನು ಕಂಡದ್ದನ್ನೇ ಬರೀಬೇಕು." ಕನ್ನಡಕದ ಉಳಿದ ಗಾಜನ್ನು ಒರೆಸುತ್ತ ಕೇಳಿದಳು, "ಆ ಎದ್ದು ನಿಂತ ಹುಡುಗಿ... ಅವಳ ಗತಿ ಏನು?"

ವೇಳಾಪಟ್ಟಿಯಿಂದ ದೊಡ್ಡ ಮೇಡಂ ಗಕ್ಕನೆ ತಿರುಗಿದರು. ತಪ್ಪು ಮುಚ್ಚಿಕೊಳ್ಳಲು ಅವರಿಗೊಂದು ಸತ್ಕಾರ್ಯ ಬೇಕಾಗಿತ್ತು. "ಆ ಮೂಕೀನಾ? ಪಾಪ, ಅಂಥ ಮಗುಗೆ ಪ್ರೀತಿಯಿಂದ ಹೇಳಿಕೊಡೋರು ಬೇಕು. ಈಗಲೇ ಗುಡುಗು ಮೇಷ್ಟ್ರ ತರಗತಿಗೆ ಹಾಕ್ತೀನಿ."

"ಬೇಡಿ ಮೇಡಂ. ಅವಳು ನನ್ನ ಹತ್ರಾನೇ ಇರ್ಲಿ. ಅವಳು ನಂಗೆ..."

"ನಿಮ್ಮ ಹತ್ರಾನಾ? ಬಾಯಿ ಮುಚ್ಚು ಅಂದದ್ದನ್ನ ನಾನೇ ಕಿವಿಯಾರೆ ಕೇಳಿಲ್ವಾ?"

ಕೇಳಿದ್ದು ಸುಳ್ಳಲ್ಲ. ಬಿಡುವು ಮುಗಿದದ್ದೇ ಗುಬ್ಬಿ ಚೀಲ ಎತ್ತಿಕೊಂಡು ಪಕ್ಕದ ಬಾಗಿಲಿಗೆ ಹೋದಳು. ಹೋಗುವಾಗ ಒಮ್ಮೆ ತಿರುಗಿ ನೋಡಿದಳು. ಮೇಷ್ಟ್ರ ಮುಖವನ್ನಲ್ಲ, ಜೇಬನ್ನು.

ಕೊನೆಯ ಪಾಠ. ಬೆಣ್ಣೆ ಮೇಷ್ಟ್ರು ತರಗತಿಗೆ ಬಂದು ನೆಲದ ಮೇಲೆ ಕುಳಿತರು. "ಬನ್ನಿ ಮಕ್ಕಳೇ" ಎಂದರು. ಯಾರೂ ಬರಲಿಲ್ಲ. ಕರವಸ್ತ್ರ ತೆಗೆಯಲು ಜೇಬಿಗೆ ಕೈ ಹಾಕಿದರು. ಸೀಟಿಯೋ ಬೆತ್ತವೋ ಬರುತ್ತದೆಂದು ಮಕ್ಕಳೆಲ್ಲ ತಟ್ಟನೆ ತುಟಿಗೆ ಬೆರಳಿಟ್ಟುಕೊಂಡವು. ಮೇಷ್ಟ್ರು ಮಡಿಸಿದರು, ಗಂಟು ಹಾಕಿದರು. ಬೆಳಗಿನ ಬೆವರಿನಿಂದ ಬಟ್ಟೆ ತೊಯ್ದು ಮೆತ್ತಗಾಗಿತ್ತು. ಇಲಿರಾಯರ ಕಿವಿ ನಿಲ್ಲಲೇ ಇಲ್ಲ.

ಆಗ ಗೋಡೆಯಾಚೆಯಿಂದ ಒಂದು ದನಿ ಬಂತು. ತೀರಾ ಸಣ್ಣದು, ಪ್ರತಿ ಅಕ್ಷರಕ್ಕೂ ನಿಂತು ನಿಂತು ಓದುವ ದನಿ. ಇಡೀ ಶಾಲೆಯಲ್ಲಿ ಅದನ್ನು ಗುರುತು ಹಿಡಿಯಬಲ್ಲವರು ಬೆಣ್ಣೆ ಮೇಷ್ಟ್ರು ಒಬ್ಬರೇ. ಒಂದು ಸಾಲು ಮುಗಿಯಿತು. ಇನ್ನೊಂದು ಶುರುವಾಯಿತು. ದನಿ ಏರಿತು. ಆಮೇಲೆ ಚಪ್ಪಾಳೆ, ಅದರ ಮೇಲೆ ಗುಡುಗು ಮೇಷ್ಟ್ರ "ಶಭಾಷ್ ಮಗಳೇ!"

ಬೇರೆ ದಿನವಾಗಿದ್ದರೆ ಈ ತರಗತಿಯ ಗದ್ದಲದಲ್ಲಿ ಅದು ಕೇಳಿಸುತ್ತಲೇ ಇರಲಿಲ್ಲ. ಇವತ್ತು ನೊಣ ಹಾರಿದರೂ ಕೇಳಿಸುವಂತಿತ್ತು.

ಕಿಟಕಿಯಲ್ಲಿ ದೊಡ್ಡ ಮೇಡಂ ತಲೆ ಕಾಣಿಸಿತು. ಬೆರಳಿಟ್ಟುಕೊಂಡು ಕುಳಿತ ಮಕ್ಕಳನ್ನು ಸಾಲಾಗಿ ನೋಡಿ ಅವರ ಮುಖ ಅರಳಿತು. "ಅರ್ಥ ಏನಾದ್ರೂ ಇರ್ಲಿ ಮೇಷ್ಟ್ರೇ, ನಿಯಂತ್ರಣ ಅಂದ್ರೆ ನಿಮ್ಮದೇ" ಎಂದು ಮುಂದೆ ಹೋದರು.

ಮೇಷ್ಟ್ರು ಇಲಿರಾಯರನ್ನು ಬಿಚ್ಚಿ ಕಣ್ಣೊರೆಸಿಕೊಂಡರು.